ಅವಳು ಬಾಗಿಲು ತೆಗೆಯಲಿಲ್ಲ

ಗಂಡ ತನ್ನ ಬಗ್ಗೆ ಕಟ್ಟಿದ ಕಥೆಯನ್ನು ಬ್ರೆಡ್ಡಕ್ಕ ಮೊದಲ ಸಲ ಕೇಳಿದ್ದು ಚರ್ಚಿನ ಮೈಕಿನಲ್ಲಿ.

ಅಪ್ಪ ಬಿಟ್ಟುಹೋದ ಬೇಕರಿಯಿಂದ ಅವಳಿಗೆ ಆ ಹೆಸರು ಬಂದಿತ್ತು. ಬೀದಿಯ ತಿರುವಿನಲ್ಲಿ ಕಿರಿದಾದ ಅಂಗಡಿ, ಅದರ ಹಿಂದೆ ಒಲೆಯ ಕೋಣೆ, ಮೇಲೆ ಎರಡು ಕೋಣೆಯ ಮನೆ. ಗಲ್ಲಾದಲ್ಲಿ ಅಮ್ಮ, ಒಲೆಯ ಮುಂದೆ ಅವಳು. ಗಂಡನ ಮನೆ ಬಿಟ್ಟು ಪುಟ್ಟ ಮಗಳ ಕೈ ಹಿಡಿದು ಬಂದ ಮೇಲೆ ಹಿಟ್ಟು ನಾದಿ ನಾದಿ ಅವಳ ತೋಳುಗಳು ಗಟ್ಟಿಯಾಗಿದ್ದವು. ಎಡಗೈ ಮಣಿಕಟ್ಟು ಮಾತ್ರ ಸೊಟ್ಟಗೇ ಉಳಿದಿತ್ತು. ಯಾರಾದರೂ ಕೇಳಿದರೆ ಅವಳಿಗಿಂತ ಮೊದಲೇ ಅಮ್ಮ, "ಮೆಟ್ಟಿಲಿಂದ ಜಾರಿಬಿದ್ಲು" ಎಂದು ಹೇಳಿ ಚಿಲ್ಲರೆ ಎಣಿಸತೊಡಗುತ್ತಿದ್ದಳು.

ಗಂಡ ಹಾಡುಗಾರ. ಅವನ ದನಿ ಎಂಥದ್ದೆಂದರೆ ಸಿಟ್ಟಿನಲ್ಲಿ ಬೈದರೂ ಶ್ರುತಿ ತಪ್ಪುತ್ತಿರಲಿಲ್ಲ. ಅವಳು ಬಿಟ್ಟು ಬಂದ ಮೇಲೆ ಕೆಲವು ವರ್ಷ ಕುಡಿದು ಅಲೆದ. ಆಮೇಲೆ ಯಾವುದೋ ಪ್ರಾರ್ಥನಾ ಕೂಟದಲ್ಲಿ ಅತ್ತು, ಪಶ್ಚಾತ್ತಾಪಪಟ್ಟು, ಕುಡಿತ ಬಿಟ್ಟ. ಬಿಟ್ಟದ್ದು ನಿಜ, ಅದರಲ್ಲಿ ಮೋಸವಿರಲಿಲ್ಲ. ಅಂದಿನಿಂದ ಊರೂರು ತಿರುಗಿ ಹಾಡುತ್ತ, ದೇವರು ತನ್ನನ್ನು ಬದಲಿಸಿದ ಬಗೆಯನ್ನು ಸಭೆಗಳಲ್ಲಿ ಸಾಕ್ಷಿಯಾಗಿ ಹೇಳುತ್ತ ಹೆಸರು ಮಾಡಿದ. ಹಾಗೆ ಒಂದು ಭಾನುವಾರ ಇವರ ಚರ್ಚಿಗೂ ಅತಿಥಿಯಾಗಿ ಬಂದ.

"ನಾನು ಕುಡಿದು ಬರುತ್ತಿದ್ದೆ, ಬೈಯುತ್ತಿದ್ದೆ," ಎಂದ ಮೈಕಿನಲ್ಲಿ. "ಆದರೆ ನನ್ನ ಹೆಂಡತಿ ಒಂದು ಮಾತೂ ಆಡದೆ ಬಾಗಿಲ ಬಳಿ ಮೊಣಕಾಲೂರಿ ನನಗಾಗಿ ಬೇಡಿಕೊಳ್ಳುತ್ತಿದ್ದಳು. ಇವತ್ತಿಗೂ ಆ ತಾಯಿ ನನಗಾಗಿ ಕಾಯುತ್ತಿದ್ದಾಳೆ."

ಇಡೀ ಸಭೆಯ ತಲೆಗಳು ಅವಳ ಕಡೆ ತಿರುಗಿದವು. ಕೆಲವರು ಕಣ್ಣೊರೆಸಿಕೊಂಡರು. ಬ್ರೆಡ್ಡಕ್ಕ ಎದ್ದೇಬಿಡುತ್ತಿದ್ದಳು, ಪಕ್ಕದಲ್ಲಿದ್ದ ಅಮ್ಮ ತೊಡೆ ಜಿಗುಟಿ ಕೂರಿಸಿದಳು. ಅವಳು ಮೊಣಕಾಲೂರಿದ್ದು ನಿಜ, ಆದರೆ ಅದು ಅವನು ತಳ್ಳಿದ್ದಕ್ಕೆ. ಮಾತಾಡದೆ ಇದ್ದದ್ದೂ ನಿಜವೇ. ಅವನ ಅಂಗೈ ಅವಳ ಬಾಯಿ ಮುಚ್ಚಿತ್ತು.

ಆರಾಧನೆ ಮುಗಿದ ಕೂಡಲೇ ಅವಳು ಅಯ್ಯನವರ ಮುಂದೆ ಹೋಗಿ ನಿಂತಳು. ಸಭೆಯ ಪಾಸ್ಟರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಅಪ್ಪ ಹಾಸಿಗೆ ಹಿಡಿದಾಗ ದಿನವೂ ಬಂದು ಕೂತವರು.

"ಬರೋ ವಾರ ನನಗೂ ಸಾಕ್ಷಿ ಹೇಳೋಕೆ ಸಮಯ ಕೊಡಿ, ಅಯ್ಯನವರೇ."

ಅವರಿಗೆ ಅರ್ಥವಾಯಿತು. "ಈಗ ತಾನೇ ಚಿಗುರಿದ ಗಿಡ ಕಣಮ್ಮ ಅದು. ಬಿಸಿನೀರು ಹೊಯ್ಯಬೇಡಿ."

"ಅವರು ನನ್ನ ಕಥೆ ಹೇಳಿದ್ರು. ನನ್ನ ಕಥೆ ನಾನು ಹೇಳಬಾರದಾ?"

"ಸಮಯ ಬರ್ಲಿ," ಎಂದು ಅವರು ಇನ್ನೊಬ್ಬರ ಕೈ ಕುಲುಕಲು ತಿರುಗಿದರು.

ಹಾಡಿನ ಪುಸ್ತಕಗಳನ್ನು ಜೋಡಿಸುತ್ತಿದ್ದ ಟೀಚರಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ನಿವೃತ್ತರಾದ ಮೇಲೆ ಸಭೆಯ ಮಾಸಪತ್ರಿಕೆಯನ್ನು ಅವರೇ ನೋಡಿಕೊಳ್ಳುತ್ತಿದ್ದರು. ಮದುವೆಯಾದವರಲ್ಲ. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ, ಉಳಿದರ್ಧ ಜನರ ಕಿವಿ ಹಿಂಡಿದವರು. ಅವಳನ್ನು ಕಂಬದ ಮರೆಗೆ ಕರೆದು, "ಸಾಕ್ಷಿಗೆ ಅಯ್ಯನವರ ಅಪ್ಪಣೆ ಬೇಕು. ಕಥೆಗೆ ನಾನು ಹ್ಞೂಂ ಅಂದ್ರೆ ಸಾಕು. ಬರಿ," ಎಂದರು.

"ನಾನಾ? ನನಗೇನು ಬರುತ್ತೆ ಟೀಚರಮ್ಮ?"

"ಶಾಲೇಲಿ ತಡವಾಗಿ ಬಂದಾಗೆಲ್ಲ ಎಂಥೆಂಥ ಕಥೆ ಕಟ್ತಿದ್ದೆ! ನಂಬಿ ನಂಬಿ ನನಗೆ ಸಾಕಾಗಿತ್ತು. ಬರುತ್ತೆ, ಹೋಗು."

ಮಧ್ಯಾಹ್ನ ಹಿಟ್ಟು ಉಬ್ಬಲು ಬಿಟ್ಟ ಹೊತ್ತಿನಲ್ಲಿ, ಹಿಟ್ಟು ಲಟ್ಟಿಸುವ ಮರದ ಮೇಜಿನ ಒಂದು ಮೂಲೆ ಒರೆಸಿಕೊಂಡು ಅವಳು ಬರೆಯತೊಡಗಿದಳು. ಮೊದಲು ಬರೆದದ್ದು ಒಬ್ಬ ದೇವತೆಯಂಥ ಹೆಂಡತಿಯ ಕಥೆ. ಆಕೆ ಹೊಡೆತ ತಿಂದು ಹಾಡುತ್ತಿದ್ದಳು, ಹಸಿದು ನಗುತ್ತಿದ್ದಳು. ಟೀಚರಮ್ಮ ಹಾಳೆಗಳ ಮೇಲಿನ ಹಿಟ್ಟು ಕೊಡವಿ, ಕನ್ನಡಕ ಒರೆಸಿ ಓದಿದರು. ಓದಿ ವಾಪಸ್ ಕೊಟ್ಟರು.

"ಯಾರೇ ಇವಳು? ಇಂಥವಳನ್ನ ನಾನಂತೂ ಕಂಡಿಲ್ಲ. ಇವಳಿಗೆ ಸಿಟ್ಟೇ ಬರಲ್ವಾ? ದೇವರ ಮೇಲಾದ್ರೂ?"

"ಬಂದಿತ್ತು."

"ಮತ್ತೆ ಅದೆಲ್ಲಿ? ಹಿಟ್ಟಿಗೆ ಉಪ್ಪು ಹಾಕೋಕೆ ಮರೀತೀಯಾ ನೀನು?"

ಎರಡನೇ ಸಲ ಅವಳು ಮರೆಯಲಿಲ್ಲ. ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳನ್ನಾಗಿ ಮಾಡಿದಳು. ಹಾಡುಗಾರನನ್ನು ಗಡಿಯಾರ ರಿಪೇರಿಯವನನ್ನಾಗಿ ಮಾಡಿದಳು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಬೆರಳುಗಳು ಮನೆಗೆ ಬಂದು ಏನು ಮಾಡುತ್ತಿದ್ದವು ಎಂದು ಬರೆದಳು. ಒಂದು ಸಂಜೆ ಆ ಹೆಂಗಸು ಮುರಿದ ಕೈಗೆ ದಿಂಬಿನ ಚೀಲ ಸುತ್ತಿಕೊಂಡು, ಮಗುವನ್ನು ಕರೆದುಕೊಂಡು ಮೆಟ್ಟಿಲಿಳಿದಳು ಎಂದು ಬರೆದಳು. ಇಳಿಯುತ್ತ ಆಕೆ ದೇವರನ್ನು ಬೈಯುತ್ತಾಳೆ: ಇಷ್ಟು ದಿನ ಎಲ್ಲಿ ಸತ್ತಿದ್ದೆ? ದೇವರು ಉತ್ತರ ಕೊಡುವುದಿಲ್ಲ. ಆದರೆ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಆಕೆಗೆ ಅನ್ನಿಸುತ್ತದೆ: ಆತ ಆ ಮನೆಯಲ್ಲಿ ಉಳಿಯಲಿಲ್ಲ, ನಮ್ಮ ಹಿಂದೆಯೇ ಚೀಲ ಹೊತ್ತುಕೊಂಡು ಇಳಿದುಬಂದ. ಆ ಸಾಲು ಬರೆದ ದಿನ ಬ್ರೆಡ್ಡಕ್ಕ ಹಿಟ್ಟನ್ನು ಮರೆತಳು. ಅದು ಉಬ್ಬಿ ಪಾತ್ರೆಯಿಂದ ಇಳಿದು ಮೇಜಿನ ಕಾಲು ಹಿಡಿದಿತ್ತು.

ಕಥೆ ಪತ್ರಿಕೆಯಲ್ಲಿ ತಿಂಗಳು ತಿಂಗಳು ಕಂತಾಗಿ ಬರತೊಡಗಿತು. ಹೆಸರು ಹಾಕಿರಲಿಲ್ಲ. ಬ್ರೆಡ್ಡು ಕೊಳ್ಳಲು ಬಂದ ಹೆಂಗಸರು ಗಲ್ಲಾದ ಮುಂದೆ ನಿಂತೇ ಚರ್ಚೆ ಮಾಡುತ್ತಿದ್ದರು. "ಆ ಗಡಿಯಾರದವನ ಕೈ ಸೇದಿಹೋಗ!" ಎಂದು ಒಬ್ಬಾಕೆ ಶಾಪ ಹಾಕಿದರೆ, ಒಳಗೆ ಒಲೆಯ ಮುಂದೆ ಬ್ರೆಡ್ಡಕ್ಕನಿಗೆ ನಗುವೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಆದರೆ ಗಾಳಿಗೂ ಕಿವಿ ಇರುತ್ತದೆ. ಮೂರನೆಯ ಕಂತು ಬರುವಷ್ಟರಲ್ಲಿ ಬರೆದವರು ಯಾರೆಂದು ಬೀದಿಗೆಲ್ಲ ಗೊತ್ತಾಗಿತ್ತು.

ಅಮ್ಮ ಗಲ್ಲಾ ಬಿಟ್ಟು ಒಲೆಯ ಕೋಣೆಗೆ ಬಂದಳು. "ಮನೆ ಗುಟ್ಟು ರಟ್ಟು ಮಾಡಿದೆಯಲ್ಲೇ. ಇಷ್ಟು ವರ್ಷ ನಾನು ಮುಚ್ಚಿಕೊಂಡು ಬಂದಿದ್ದು ಇದಕ್ಕಾ? ನಾಳೆ ಆ ಹುಡುಗೀಗೆ ಸಂಬಂಧ ಯಾರು ತರ್ತಾರೆ?"

"ಈ ಕಥೆ ಓದಿ ಹೆದರೋನು ಬರೋದೇ ಬೇಡ."

"ಬಾಯಿ ನೋಡು ಬಾಯಿ! ನಿಮ್ಮಪ್ಪನೇ ಸೈ."

ಮಗಳು ಆಗ ಕಾಲೇಜಿಗೆ ಹೋಗುತ್ತಿದ್ದಳು. ಅಪ್ಪನ ಮಾತನ್ನು ಅವಳು ಎಂದೂ ಎತ್ತುತ್ತಿರಲಿಲ್ಲ. ಕಥೆಯನ್ನು ಓದುತ್ತಿದ್ದಾಳೋ ಇಲ್ಲವೋ ತಾಯಿಗೆ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಪತ್ರಿಕೆ ಹಿಡಿದು ಬಂದು ಹಿಟ್ಟಿನ ಮೂಟೆಯ ಮೇಲೆ ಕೂತಳು.

"ಅಮ್ಮಾ, ಇದರಲ್ಲಿ ಮಗು ಬೀರು ಒಳಗೆ ನಿದ್ದೆ ಮಾಡ್ತಿತ್ತು ಅಂತ ಬರೆದಿದ್ದೀಯ."

"ಹೂಂ. ನೀನೂ ಅವತ್ತು ಒಳಕೋಣೇಲಿ ಮಲಗಿದ್ದೆ. ಬೀರು ಅನ್ನೋದು ನಾನು ಸೇರಿಸಿದ್ದು."

"ನಾನು ಮಲಗಿರಲಿಲ್ಲ. ಬಾಗಿಲ ಸಂದೀಲಿ ನಿಂತಿದ್ದೆ."

ಬ್ರೆಡ್ಡಕ್ಕನ ಕೈ ಹಿಟ್ಟಿನಲ್ಲೇ ನಿಂತಿತು.

"ಕೈ ಮುರಿದ ಸದ್ದು ಕೇಳಿಸ್ತು. ಆಮೇಲೆ ಮಂಚಕ್ಕೆ ಓಡಿಹೋಗಿ ಕಣ್ಣು ಮುಚ್ಚಿಕೊಂಡೆ. ನೀನು ಬಂದು ಎಬ್ಬಿಸಿದಾಗ ಎಚ್ಚರ ಆದ ಹಾಗೆ ಆಕಳಿಸಿದೆ. ನಿನಗೆ ಬೇಜಾರಾಗುತ್ತೆ ಅಂತ."

ಇಷ್ಟು ವರ್ಷ ತಾಯಿಗಿದ್ದ ಒಂದೇ ಒಂದು ಸಮಾಧಾನವೆಂದರೆ ಮಗು ನೋಡಲಿಲ್ಲವಲ್ಲ ಎಂಬುದು. ಅದೂ ಹೋಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಮಗಳನ್ನು ಅಪ್ಪಿಕೊಂಡು ಅತ್ತಳು. ಮಗಳು ಅಳಲಿಲ್ಲ. ಹೆಗಲ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, "ಬೀರು ತೆಗೆದುಬಿಡು ಅಮ್ಮಾ. ನಾನು ನಿಂತಿದ್ದೆ ಅಂತಲೇ ಬರಿ," ಎಂದಳು.

ಕೊನೆಯ ಕಂತಿನಲ್ಲಿ ಬ್ರೆಡ್ಡಕ್ಕ ಹಾಗೆಯೇ ಬರೆದಳು. ಎಷ್ಟು ಸಲ ಹರಿದು, ಎಷ್ಟು ಸಲ ತಿದ್ದಿ ಬರೆದಳೆಂದರೆ ಅದು ಅವಳಿಗೆ ಬಾಯಿಪಾಠವೇ ಆಗಿಹೋಯಿತು. ಹಾಳೆಗಳು ಟೀಚರಮ್ಮನ ಕೈ ಸೇರಿದ ಮರುದಿನವೇ ಅವನ್ನು ಕೇಳಿ ಪಡೆದು ಓದಿದ ಅಯ್ಯನವರು ಬೇಕರಿಗೆ ಬಂದರು. ಅಮ್ಮ ಓಡಿಹೋಗಿ ಕುರ್ಚಿ ತಂದು, ಟೀ ಮಾಡಿಕೊಟ್ಟಳು.

"ತುಂಬಾ ಚೆನ್ನಾಗಿ ಬರೆದಿದ್ದೀರಿ," ಎಂದರು ಅವರು. ಆ ಮಾತು ಮನಸ್ಸಿನಿಂದಲೇ ಬಂದಿತ್ತು. "ಕೊನೆ ಒಂದು ಮಾತ್ರ ಸರಿಹೋಗ್ಲಿಲ್ಲ. ಅವನು ಬದಲಾಗಿ ಬಂದು ಬಾಗಿಲು ತಟ್ತಾನೆ. ಅವಳು ತೆಗೆಯೋದೇ ಇಲ್ಲ. ಕ್ಷಮೆಯೇ ಇಲ್ಲದ ಮೇಲೆ ಅದು ಕ್ರೈಸ್ತ ಕಥೆ ಹೇಗಾಗುತ್ತೆ?"

"ಕ್ಷಮೆ ಇದೆಯಲ್ಲ, ಅಯ್ಯನವರೇ. ಅವಳ ಬಾಯಲ್ಲೇ ಹೇಳಿಸಿದ್ದೀನಿ. ಬಾಗಿಲಿಗೆ ಚಿಲಕವೂ ಇದೆ."

"ಬೈಬಲ್ಲಿನ ಕಥೇಲಿ ಕೆಟ್ಟು ಅಲೆದ ಮಗ ಮನೆಗೆ ಬಂದ್ರೆ ತಂದೆ ಬಾಗಿಲು ಹಾಕ್ತಾನೇನಮ್ಮ?"

"ಆ ಮಗ ತಂದೆ ಕೈ ಮುರಿದಿದ್ನಾ?"

ಅಮ್ಮ "ಶ್!" ಎಂದಳು. ಅಯ್ಯನವರ ಮುಖ ಕೆಂಪಾಯಿತು. "ಸಭೆಯ ವಾರ್ಷಿಕೋತ್ಸವಕ್ಕೆ ನಿಮ್ಮ ಯಜಮಾನ್ರನ್ನ ಮತ್ತೆ ಕರೆದಿದ್ದೀವಿ. ಜನ ನಿಮ್ಮಿಬ್ಬರನ್ನ ಜೊತೇಲಿ ನೋಡೋಕೆ ಕಾಯ್ತಿದ್ದಾರೆ. ಪ್ರಾರ್ಥನೆ ಮಾಡಿ ಯೋಚನೆ ಮಾಡಿ," ಎಂದರು.

"ಮಾಡೇ ಬರೆದಿದ್ದು."

ಅವರು ಎದ್ದುಹೋದರು. ಮುಟ್ಟದೆ ಬಿಟ್ಟ ಟೀಯನ್ನು ಅಮ್ಮ ಚೆಲ್ಲಲು ಮನಸ್ಸಾಗದೆ ತಾನೇ ಕುಡಿದಳು.

ವಾರ್ಷಿಕೋತ್ಸವದ ದಿನ ಚರ್ಚಿನ ಬಾಗಿಲಲ್ಲಿ ಹೊಸ ಸಂಚಿಕೆ ಹಂಚುತ್ತಿದ್ದರು. ಹಂಚುತ್ತಿದ್ದ ಟೀಚರಮ್ಮ ಬ್ರೆಡ್ಡಕ್ಕನನ್ನು ಕಂಡ ಕೂಡಲೇ ಬೇರೆ ಕಡೆ ನೋಡಿದರು. ಅವಳಿಗೆ ಅದು ವಿಚಿತ್ರವೆನಿಸಿತು. ಬೆಂಚಿನಲ್ಲಿ ಕೂತು, ಮೊದಲ ಹಾಡು ಮುಗಿಯುವಷ್ಟರಲ್ಲಿ ಕೊನೆಯ ಪುಟ ತೆರೆದಳು.

"ಅವಳು ನಡುಗುವ ಕೈಗಳಿಂದ ಬಾಗಿಲು ತೆರೆದಳು. ಇಬ್ಬರೂ ಕಣ್ಣೀರಿನೊಡನೆ ಮೊಣಕಾಲೂರಿದರು. ಆ ಮನೆಯಲ್ಲಿ ಮತ್ತೆ ಸ್ತೋತ್ರಗೀತೆ ಕೇಳಿಬಂತು."

ಅವಳ ಸಾಲುಗಳಲ್ಲ. ಬಾಗಿಲ ಸಂದಿಯಲ್ಲಿ ನಿಂತ ಮಗುವೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ಬಗ್ಗಿ ಓದಿದಳು. ಓದಿ ಕೆಳತುಟಿ ಕಚ್ಚಿಕೊಂಡಳು. ಬ್ರೆಡ್ಡಕ್ಕನಿಗೆ ತನಗಾದ ಅವಮಾನ ಆಮೇಲೆ ನೆನಪಾಯಿತು. ಮೊದಲು ಕಣ್ಣಿಗೆ ಬಿದ್ದದ್ದು ಆ ಕಚ್ಚಿದ ತುಟಿ.

ವೇದಿಕೆಯ ಮೇಲೆ ಹಾಡುಗಾರ ಬಿಳಿ ಅಂಗಿ ತೊಟ್ಟು ಕೂತಿದ್ದ. ಅಯ್ಯನವರು ಮೈಕಿನ ಮುಂದೆ ಬಂದರು. "ನಮ್ಮ ಪತ್ರಿಕೆಯ ಕಥೆಯನ್ನು ನೀವೆಲ್ಲ ಓದಿದ್ದೀರಿ. ಅದು ಹೇಗೆ ಸುಖವಾಗಿ ಮುಗಿಯಿತು ಎಂಬುದನ್ನೂ ಈಗ ಓದುತ್ತೀರಿ. ಅದನ್ನು ಬರೆದ ನಮ್ಮ ಸಹೋದರಿ ಮುಂದೆ ಬಂದು ಎರಡು ಮಾತು ಹೇಳಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಅವಳ ತೊಡೆಗೆ ಕೈ ಚಾಚಿದಳು. ಆದರೆ ಅವಳು ಆಗಲೇ ಎದ್ದಾಗಿತ್ತು. ಮಗಳೂ ಎದ್ದು ಹಿಂದೆಯೇ ಬಂದಳು, ಯಾರೂ ಕರೆದಿರಲಿಲ್ಲ. ಮೈಕು ಎತ್ತರದಲ್ಲಿತ್ತು. ಮಗಳು ಅದನ್ನು ತಾಯಿಯ ಬಾಯಿಯ ಮಟ್ಟಕ್ಕೆ ಇಳಿಸಿದಳು.

"ನಿಮ್ಮ ಕೈಯಲ್ಲಿರೋ ಪತ್ರಿಕೇಲಿ ಕೊನೆ ಪುಟ ನನ್ನದಲ್ಲ," ಎಂದಳು ಬ್ರೆಡ್ಡಕ್ಕ. "ಯಾರು ಬರೆದ್ರೋ ಅವರು ನನ್ನ ಬಾಗಿಲಿಗೆ ಬೇರೆ ಬೀಗದ ಕೈ ಮಾಡಿಸಿಕೊಂಡಿದ್ದಾರೆ. ನಾನು ಬರೆದಿದ್ದು ಹೇಳ್ತೀನಿ. ಎರಡೇ ಮಾತು ಅಂದ್ರು ಅಯ್ಯನವರು. ಸ್ವಲ್ಪ ಜಾಸ್ತಿ ಆಗುತ್ತೆ."

ಅಯ್ಯನವರು ಒಂದು ಹೆಜ್ಜೆ ಮುಂದಿಟ್ಟರು. ಮುಂದಿನ ಸಾಲಿನಲ್ಲಿ ಟೀಚರಮ್ಮ ಎದ್ದು ನಿಂತು, ಶಾಲೆಯ ದನಿಯಲ್ಲಿ, "ಓದ್ಲಿ ಬಿಡಿ," ಎಂದರು. ಅಯ್ಯನವರು ಕೂಡ ಒಂದು ಕಾಲದಲ್ಲಿ ಅವರ ವಿದ್ಯಾರ್ಥಿಯೇ. ನಿಂತಲ್ಲೇ ನಿಂತರು.

ಹಾಳೆ ಬೇಕಿರಲಿಲ್ಲ. ಅವಳು ಕಣ್ಣು ಮುಚ್ಚದೆ, ದನಿ ಏರಿಸದೆ ಹೇಳಿದಳು.

"ಬಾಗಿಲ ಆಚೆಯಿಂದ ಅವನು, ನಾನು ಬದಲಾಗಿದ್ದೇನೆ, ಎಂದ. ಅವಳು ನಂಬಿದಳು. ಅವನ ದನಿಯಲ್ಲಿ ಕುಡಿತವಿರಲಿಲ್ಲ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಎದುರಿಗೆ ಮಗಳು ನಿಂತಿದ್ದಳು. ಆ ಸಂಜೆಯೂ ಮಗಳು ಹೀಗೆಯೇ ನಿಂತಿದ್ದಳು, ಬಾಗಿಲ ಸಂದಿಯಲ್ಲಿ. ತಾಯಿಯ ಕೈ ಮುರಿದದ್ದನ್ನು ಕಂಡಿದ್ದಳು. ತಾಯಿಗೆ ನೋವಾಗದಿರಲಿ ಎಂದು ನಿದ್ದೆ ಬಂದವಳಂತೆ ನಟಿಸಿದ್ದಳು. ತಾಯಿ ಬಾಗಿಲಿನ ಈ ಕಡೆಯಿಂದಲೇ ಅವನಿಗಾಗಿ ಪ್ರಾರ್ಥಿಸಿದಳು. ಆಮೇಲೆ ಹೇಳಿದಳು: ನಿನ್ನನ್ನು ಕ್ಷಮಿಸಿದ್ದೇನೆ. ಹೋಗು, ಕತ್ತಲಾಗುವ ಮುಂಚೆ ಬಸ್ಸು ಸಿಗುತ್ತದೆ. ದೇವರು ಬಾಗಿಲಿನ ಈ ಕಡೆ ಇದ್ದ. ಆ ಕಡೆಯೂ ಇದ್ದನೇನೋ, ಆತನನ್ನು ತಡೆಯುವ ಬಾಗಿಲು ಯಾವುದಿದೆ? ಆದರೆ ಚಿಲಕವನ್ನು ಮಾತ್ರ ಆತ ಅವಳ ಕೈಗೆ ಕೊಟ್ಟಿದ್ದ. ಅವಳು ಬಾಗಿಲು ತೆಗೆಯಲಿಲ್ಲ."

ಹಿಂದಿನ ಸಾಲಿನ ಕಿವಿ ಕೇಳದ ಅಜ್ಜ ಅವಳು ಮೈಕಿನಿಂದ ಸರಿದದ್ದು ಕಂಡು ಪ್ರಾರ್ಥನೆ ಮುಗಿಯಿತೆಂದುಕೊಂಡು, "ಆಮೆನ್" ಎಂದು ಗಟ್ಟಿಯಾಗಿ ಹೇಳಿದ. ಯಾರೂ ನಗಲಿಲ್ಲ. ಹಿರಿಯರೊಬ್ಬರು ಹೆಂಡತಿಯ ತೋಳು ಹಿಡಿದು ಹೊರಗೆ ನಡೆದರು. ಇನ್ನೂ ಕೆಲವರು ಎದ್ದರು. ಉಳಿದವರು ಕೂತೇ ಇದ್ದರು, ಹೆಚ್ಚಿನವರು ಹೆಂಗಸರು. ಮುಂದಿನ ಹಾಡು ಹಾಡುಗಾರನದು. ಹಾರ್ಮೋನಿಯಂ ಎರಡು ಸಲ ಶ್ರುತಿ ಕೊಟ್ಟು ನಿಂತಿತು. ಅವನು ಏಳಲಿಲ್ಲ.

ಹೊರಗೆ ಅಂಗಳದಲ್ಲಿ ಅವನು ಅವಳ ಹಿಂದೆ ಬಂದ. ಹತ್ತಿರದಿಂದ ಕಂಡರೆ ತುಂಬ ಸೊರಗಿದ್ದ.

"ಅವಳು ನೋಡಿದ್ಲಾ? ನಿಜವಾಗ್ಲೂ?"

"ನನ್ನನ್ಯಾಕೆ ಕೇಳ್ತೀಯ? ಅಲ್ಲೇ ನಿಂತಿದ್ದಾಳೆ."

"ನೋಡಿದೆ," ಎಂದಳು ಮಗಳು. ಅಪ್ಪಾ ಎನ್ನಲಿಲ್ಲ.

ಅವನು ಚರ್ಚಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ತಲೆ ಎತ್ತಿ, "ನಾನು ಬದಲಾಗಿದ್ದೀನಿ. ದೇವರಾಣೆ," ಎಂದ.

"ಗೊತ್ತು. ಸಂತೋಷ. ಬದಲಾಗೇ ಇರು," ಎಂದಳು ಬ್ರೆಡ್ಡಕ್ಕ. "ನೀನಿರೋ ಕಡೇನೇ ಇರು. ಆದ್ರೆ ಇನ್ನೊಂದು ಸಲ ನಾನು ಕಾಯ್ತಾ ಇದ್ದೀನಿ ಅಂತ ಎಲ್ಲಾದ್ರೂ ಹೇಳಿದ್ರೆ, ಆ ಊರಿಗೂ ಬಂದು ಕಥೆ ಹೇಳ್ತೀನಿ. ಬಸ್ಸಿಗೆ ದುಡ್ಡಿದೆ ನನ್ನ ಹತ್ರ."

ಆಮೇಲೆ ಅವನು ಅದನ್ನು ಎಲ್ಲಿಯೂ ಹೇಳಲಿಲ್ಲವಂತೆ. ಹಾಡುತ್ತಾನೆ, ಸಾಕ್ಷಿಯನ್ನು ಮಾತ್ರ ಚುಟುಕಾಗಿ ಮುಗಿಸುತ್ತಾನೆ ಎಂದು ನೋಡಿ ಬಂದವರು ಹೇಳಿದರು.

ಟೀಚರಮ್ಮ ಮರುದಿನವೇ ಬೇಕರಿಗೆ ಬಂದರು. ಕೂರಲಿಲ್ಲ. "ಅಯ್ಯನವರು ಬರೆದುಕೊಟ್ರು, ನಾನು ಅಚ್ಚಿಗೆ ಕಳಿಸಿದೆ. ಹೆದರಿದೆ ಕಣೇ. ಈ ವಯಸ್ಸಲ್ಲಿ ಆ ಪತ್ರಿಕೆ ಬಿಟ್ಟು ನನಗೇನಿದೆ ಅನ್ನಿಸ್ತು." ಬ್ರೆಡ್ಡಕ್ಕ ತಕ್ಷಣ ಸಮಾಧಾನ ಹೇಳಲಿಲ್ಲ. ಅವಳಿಗೆ ಸಿಟ್ಟಿತ್ತು, ಇದ್ದದ್ದನ್ನು ಹೇಳಿದಳು. ಟೀಚರಮ್ಮ ತಲೆಯಾಡಿಸಿ ಕೇಳಿಸಿಕೊಂಡರು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: "ತಪ್ಪೊಪ್ಪು: ಕಳೆದ ಸಂಚಿಕೆಯ ಕಥೆಯಲ್ಲಿ 'ತೆರೆದಳು' ಎಂದಿರುವುದನ್ನು 'ತೆಗೆಯಲಿಲ್ಲ' ಎಂದು ಓದಿಕೊಳ್ಳಬೇಕು. ಪೂರ್ತಿ ಪಾಠ ಇಲ್ಲಿದೆ." ಅದರ ಕೆಳಗೆ ಅವಳ ಕೊನೆಯ ಪುಟ, ಒಂದಕ್ಷರವೂ ಬಿಡದೆ.

ಅದೇ ಟೀಚರಮ್ಮನ ಕೊನೆಯ ಸಂಚಿಕೆ. ಅಯ್ಯನವರು ಪತ್ರಿಕೆಯನ್ನು ಬೇರೆಯವರಿಗೆ ವಹಿಸಿದರು. ಆರಾಧನೆಯಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಅಷ್ಟು ವರ್ಷ ಇದೇ ಬೇಕರಿಯಿಂದ ಹೋಗುತ್ತಿದ್ದ ರೊಟ್ಟಿಯನ್ನೂ ಬೇರೆ ಕಡೆಯಿಂದ ತರಿಸತೊಡಗಿದರು. ಅದು ಬ್ರೆಡ್ಡಕ್ಕನಿಗೆ ನೋವು ಕೊಟ್ಟಿತು, ಇಲ್ಲವೆಂದು ಅವಳು ಸುಳ್ಳು ಹೇಳಲಿಲ್ಲ. ಆದರೆ ಚರ್ಚು ಬಿಡಲಿಲ್ಲ. ಪ್ರತಿ ಭಾನುವಾರ ಹೋಗಿ, ಹಿಂದಲ್ಲ, ಅದೇ ನಡುವಿನ ಬೆಂಚಿನಲ್ಲಿ ಕೂರುತ್ತಿದ್ದಳು. "ಅವರ ರೊಟ್ಟಿ ಸ್ವಲ್ಪ ಹಸಿ," ಎಂದು ಮಗಳ ಕಿವಿಯಲ್ಲಿ ಹೇಳುತ್ತಿದ್ದಳು.

ಅವಳು ಈಗ ಇನ್ನೊಂದು ಕಥೆ ಬರೆಯುತ್ತಿದ್ದಾಳೆ. ಟೀಚರಮ್ಮ ದಿನಾ ಮಧ್ಯಾಹ್ನ ಬಂದು ಹಿಟ್ಟಿನ ಮೂಟೆಯ ಮೇಲೆ ಕೂತು ತಿದ್ದುತ್ತಾರೆ. ಇಬ್ಬರೂ ಸೇರಿ ಪುಸ್ತಕವಾಗಿಯೇ ತರುವುದೆಂದು ನಿರ್ಧರಿಸಿದ್ದಾರೆ. ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ.

ಮೊನ್ನೆ ಅಮ್ಮ ಗಲ್ಲಾದಿಂದಲೇ ಕೂಗಿದಳು. "ಈ ಸಲದ್ದರಲ್ಲಿ ನಾನೂ ಇದ್ದೀನಂತೆ?"

"ಇದ್ದೀಯ."

"ಕೆಟ್ಟವಳನ್ನಾಗಿ ಮಾಡಿದ್ದೀಯೇನೇ?"

ಬ್ರೆಡ್ಡಕ್ಕ ಒಲೆಯ ಬಾಗಿಲು ಮುಚ್ಚಿ ಕೈ ಒರೆಸಿಕೊಂಡು ಈಚೆ ಬಂದಳು. "ಹೆದರಿದವಳನ್ನಾಗಿ ಮಾಡಿದ್ದೀನಿ ಅಮ್ಮ. ಜಾರಿಬಿದ್ಲು ಅಂತ ಹೇಳ್ತಿದ್ದೆಯಲ್ಲ, ಅದನ್ನೂ ಹಾಕಿದ್ದೀನಿ. ತೆಗೆಯಲ್ಲ."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಬ್ಬ ಹೆಂಗಸು ಬ್ರೆಡ್ಡು ಕೇಳಿಕೊಂಡು ಬಂದಳು. ಅಮ್ಮ ಬ್ರೆಡ್ಡು ಕಟ್ಟಿಕೊಟ್ಟು, ಚಿಲ್ಲರೆ ಕೊಟ್ಟು, ಆಕೆ ಬೀದಿ ದಾಟುವ ತನಕ ನೋಡುತ್ತ ನಿಂತಳು.

"ಹಾಕು," ಎಂದಳು ಆಮೇಲೆ, ತಿರುಗದೆಯೇ. "ಆದ್ರೆ ನನ್ನನ್ನ ಅಷ್ಟು ದಪ್ಪ ಮಾಡಬೇಡ. ಟೀಚರಮ್ಮ ಓದಿ ನಗ್ತಿದ್ರು, ನನಗೆ ಕೇಳಿಸ್ತು."